ಬಸಿದ ನೀರಿನ ಬೆಲೆ

ದಿನಕ್ಕೆ ಎರಡು ಹೊತ್ತಿನ ಊಟವೆಂದು ಲೆಕ್ಕ ಹಿಡಿದರೂ ಒಬ್ಬ ಮನುಷ್ಯನು ವರ್ಷಕ್ಕೆ 730 ಬಾರಿ ಊಟ ಮಾಡುತ್ತಾನೆ. ಇವುಗಳಲ್ಲಿ ಹಬ್ಬದ ಊಟ, ಮದುವೆಮನೆಯ ಊಟ, ನೆಂಟರ ಮನೆಯ ಔತಣ ಎಲ್ಲವನ್ನೂ ಕೂಡಿಸಿದರೆ ಮೂವತ್ತಾಗಬಹುದು. ಉಳಿದ 700 ಊಟಗಳು ಮನೆಯ ಸಾದಾ ಊಟಗಳೇ. ಮಕ್ಕಳ ಮೂಳೆ ಗಟ್ಟಿಯಾಗುವುದು, ದುಡಿಯುವವರ ತೋಳಿಗೆ ಬಲ ಬರುವುದು, ಓದುವವರ ಮನಸ್ಸು ನೆಲೆ ನಿಲ್ಲುವುದು ಈ 700 ಊಟಗಳಿಂದ. ಆದರೂ ಊಟದ ಮಾತು ಬಂದಾಗ ಜನರ ನಾಲಗೆಯ ಮೇಲೆ ಬರುವ ಹೆಸರುಗಳು ಹೋಳಿಗೆ, ಚಿರೋಟಿ, ಕೇಸರಿಬಾತುಗಳವು. ನಿನ್ನೆಯ ರಾತ್ರಿ ಏನು ಉಂಡಿರಿ ಎಂದು ಯಾರಾದರೂ ಕೇಳಿದರೆ, "ಏನಿಲ್ಲ, ಬರೀ ಮುದ್ದೆ, ಸಾರು" ಎಂಬ ಸಂಕೋಚದ ಉತ್ತರ ಬರುತ್ತದೆ. ಈ 'ಬರೀ' ಎಂಬ ಮಾತು ಎಷ್ಟು ನ್ಯಾಯವಾದುದು? ಸಾದಾ ಊಟವು ನಿಜವಾಗಿಯೂ ಬರಿದಾದ ಊಟವೇ? ಇದನ್ನು ತಿಳಿಯಬೇಕಾದರೆ ಒಮ್ಮೆ ಅಡುಗೆಮನೆಯ ಒಳಹೊಕ್ಕು ನೋಡಬೇಕು.

ಅಡುಗೆಯು ಬರೆಯಲು ತಕ್ಕ ವಿಷಯವಲ್ಲವೆಂದು ಕನ್ನಡದ ಹಿರಿಯರು ಎಂದೂ ಭಾವಿಸಲಿಲ್ಲ. ಹನ್ನೊಂದನೆಯ ಶತಮಾನದ ಇಮ್ಮಡಿ ಚಾವುಂಡರಾಯನು ತನ್ನ 'ಲೋಕೋಪಕಾರ'ವೆಂಬ ಗ್ರಂಥದಲ್ಲಿ ವೃಕ್ಷ, ಜಲ, ವೈದ್ಯ ಮುಂತಾದ ವಿಷಯಗಳ ಜೊತೆಗೆ ಪಾಕವಿದ್ಯೆಗೂ ಸ್ಥಾನ ಕೊಟ್ಟನು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಸಸ್ಯಾಹಾರದ ಅಡುಗೆಗಳನ್ನೇ ವಸ್ತುವಾಗಿ ಮಾಡಿಕೊಂಡು 'ಸೂಪಶಾಸ್ತ್ರ'ವೆಂಬ ಪದ್ಯಗ್ರಂಥವನ್ನು ರಚಿಸಿದನು. ಆದರೆ ಇಂಥ ಗ್ರಂಥಗಳನ್ನು ಎಂದೂ ಓದದ, ಓದಲು ಬಾರದ ಅಸಂಖ್ಯಾತ ಗೃಹಿಣಿಯರು ತಮ್ಮ ಒಲೆಯ ಮುಂದೆ ಮತ್ತೊಂದು ಪಾಕಶಾಸ್ತ್ರವನ್ನು ಬೆಳೆಸಿದರು. ಅದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಯಿಂದ ಕೈಗೆ ದಾಟಿ ಬಂದ ವಿದ್ಯೆ. ಕಡಿಮೆ ಸಾಮಗ್ರಿ, ಕಡಿಮೆ ಸೌದೆ, ಕಡಿಮೆ ಹಣ ಇವುಗಳ ನಡುವೆ ಮನೆಮಂದಿಗೆಲ್ಲ ಪುಷ್ಟಿಯನ್ನೂ ರುಚಿಯನ್ನೂ ಒದಗಿಸುವುದು ಆ ಶಾಸ್ತ್ರದ ಗುರಿ. ಅದರ ಸೂತ್ರ ಒಂದೇ: ಯಾವುದನ್ನೂ ವ್ಯರ್ಥವಾಗಿ ಚೆಲ್ಲಬಾರದು.

ಈ ಸೂತ್ರಕ್ಕೆ ಹಳೆಯ ಮೈಸೂರು ಸೀಮೆಯ ಬಸ್ಸಾರಿಗಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ಮಂಡ್ಯ, ಮೈಸೂರು, ಹಾಸನ, ತುಮಕೂರು, ಕೋಲಾರದ ಕಡೆಗಳಲ್ಲಿ ಇದನ್ನು ಅರಿಯದ ಮನೆಯಿಲ್ಲ. ಬಸಿದು ಮಾಡುವ ಸಾರಾದುದರಿಂದ ಇದು ಬಸ್ಸಾರು. ನಾಲ್ಕು ಜನರ ಮನೆಗೆ ಸುಮಾರು 150 ಗ್ರಾಂ ಹೆಸರುಕಾಳು, ಎರಡು ಕಟ್ಟು ದಂಟಿನ ಸೊಪ್ಪು ಇದ್ದರೆ ಸಾಕು. ಹೆಸರುಕಾಳಿಗೆ ಬದಲು ತೊಗರಿಬೇಳೆ, ಅಲಸಂದೆ ಅಥವಾ ಹುರುಳಿಯೂ ಆಗಬಹುದು. ದಂಟಿಗೆ ಬದಲು ಸಬ್ಬಸಿಗೆಯೋ ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಬೆರಕೆಸೊಪ್ಪೋ ಆಗಬಹುದು. ಮೊದಲು ಕಾಳನ್ನು ಹೆಚ್ಚು ನೀರಿನಲ್ಲಿ ಬೇಯಿಸುತ್ತಾರೆ. ಅದು ಮುಕ್ಕಾಲು ಬೆಂದಾಗ ತೊಳೆದು ಹೆಚ್ಚಿದ ಸೊಪ್ಪನ್ನೂ ಉಪ್ಪನ್ನೂ ಹಾಕುತ್ತಾರೆ. ಎರಡೂ ಹದವಾಗಿ ಬೆಂದ ಮೇಲೆ ನೀರನ್ನು ಇನ್ನೊಂದು ಪಾತ್ರೆಗೆ ಬಸಿಯುತ್ತಾರೆ.

ಇಂಥದೊಂದು ಮನೆಯಲ್ಲಿ ಅಜ್ಜಿಗೆ ನೆರವಾಗಲೆಂದು ಪಟ್ಟಣದಿಂದ ಬಂದ ಮೊಮ್ಮಗನು ಒಲೆಯ ಬಳಿ ಕುಳಿತಿದ್ದಾನೆಂದು ಭಾವಿಸೋಣ. ಬಸಿದ ಪಾತ್ರೆಯನ್ನು ಎತ್ತಿಕೊಂಡು ಅವನು, "ಅಜ್ಜಿ, ಈ ನೀರನ್ನು ಬಚ್ಚಲಿಗೆ ಚೆಲ್ಲಲೇ?" ಎಂದು ಕೇಳುತ್ತಾನೆ. ಅಜ್ಜಿ ಗಾಬರಿಯಿಂದ, "ಅಯ್ಯೋ, ಚೆಲ್ಲಬ್ಯಾಡ ಕಣ್ ಮಗ! ರುಚಿಯೆಲ್ಲ ಅದರಾಗೇ ಇಳ್ದೈತೆ" ಎಂದು ಪಾತ್ರೆಯನ್ನು ಕಸಿದುಕೊಳ್ಳುತ್ತಾಳೆ. ಅಜ್ಜಿಯ ಆ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ.

ಬಸಿದ ಆ ನೀರಿಗೆ 'ಕಟ್ಟು' ಎಂದು ಹೆಸರು. ಸುಟ್ಟ ಇಲ್ಲವೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕು ಕಾಳು ಮೆಣಸು, ಚೂರು ತೆಂಗಿನಕಾಯಿ, ಹುಣಿಸೆಹಣ್ಣು ಇವುಗಳ ಜೊತೆಗೆ ಬೆಂದ ಕಾಳುಸೊಪ್ಪಿನಲ್ಲೇ ಒಂದು ಹಿಡಿಯನ್ನು ಸೇರಿಸಿ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು ಸಿದ್ಧವಾಗುತ್ತದೆ. ರುಬ್ಬಿದ ಕಾಳಿನಿಂದ ಸಾರಿಗೆ ಗಟ್ಟಿತನ ಬರುವುದರಿಂದ ಕಾಯಿಯನ್ನು ಹೆಚ್ಚಾಗಿ ಬಳಸುವ ಅಗತ್ಯವಿಲ್ಲ. ಇತ್ತ ಉಳಿದ ಕಾಳುಸೊಪ್ಪಿಗೆ ಸಾಸಿವೆ, ಕರಿಬೇವು, ಈರುಳ್ಳಿಯ ಒಗ್ಗರಣೆ ಕೊಟ್ಟರೆ ಪಲ್ಯ. ಹೀಗೆ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದದ್ದು ಎರಡು ಅಡುಗೆಯಾಗಿ ಎಲೆಗೆ ಬರುತ್ತದೆ. ಸಾರು ಮರುದಿನಕ್ಕೆ ಉಳಿದರೆ ಕುದಿಸಿದಷ್ಟೂ ಅದರ ರುಚಿ ಹೆಚ್ಚುತ್ತದೆಂದು ಬಲ್ಲವರು ಹೇಳುತ್ತಾರೆ.

ಅಜ್ಜಿ ನಾಲಗೆಯಿಂದ ಅರಿತದ್ದನ್ನು ವಿಜ್ಞಾನವು ಪ್ರಯೋಗದಿಂದ ಅರಿತಿದೆ. 'ಬಿ' ಗುಂಪಿನ ಜೀವಸತ್ವಗಳೂ 'ಸಿ' ಜೀವಸತ್ವವೂ ನೀರಿನಲ್ಲಿ ಕರಗುವ ಗುಣವುಳ್ಳವು. ಕಾಳು, ತರಕಾರಿಗಳನ್ನು ಬೇಯಿಸುವಾಗ ಇವುಗಳಲ್ಲಿ ಸ್ವಲ್ಪ ಭಾಗ ಶಾಖದಿಂದ ನಾಶವಾದರೆ, ಇನ್ನೊಂದು ಭಾಗವು ಕೆಲವು ಖನಿಜಗಳೊಡನೆ ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲಿದರೆ ಹಣ ಕೊಟ್ಟು ತಂದ ಸತ್ವವನ್ನು ಮೋರಿಗೆ ಸುರಿದಂತೆ. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯದೆ, ತೊಳೆದು ಹೆಚ್ಚಬೇಕೆಂಬ ಹಳೆಯ ರೂಢಿಗೂ ಇದೇ ಕಾರಣ. ಕಾಳು ಬೇಗ ಬೇಯಲೆಂದು ಅಡುಗೆಸೋಡ ಹಾಕುವ ಅಭ್ಯಾಸವೂ ಒಳ್ಳೆಯದಲ್ಲ. ಸೋಡದಿಂದ ಥಯಮಿನ್ ಎಂಬ ಜೀವಸತ್ವವು ಹಾಳಾಗುತ್ತದೆ. ಹಿಂದಿನ ರಾತ್ರಿ ಕಾಳನ್ನು ನೆನೆಹಾಕಿದರೆ ಸೋಡದ ಅಗತ್ಯವೇ ಇರುವುದಿಲ್ಲ. ನೆನೆದ ಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರಂತೂ ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಅಲ್ಪವಾಗಿದ್ದ 'ಸಿ' ಜೀವಸತ್ವವು ಹೊಸದಾಗಿ ಹುಟ್ಟುತ್ತದೆ. ಇದಕ್ಕೆ ತಗಲುವ ವೆಚ್ಚ ಒಂದು ಲೋಟ ನೀರು, ಒಂದು ದಿನದ ತಾಳ್ಮೆ.

ಬಸ್ಸಾರಿಗೆ ಜೊತೆಯಾದುದು ರಾಗಿಮುದ್ದೆ. ಕುದಿಯುವ ನೀರಿಗೆ ರಾಗಿಯ ಹಿಟ್ಟನ್ನು ಹಾಕಿ, ನಡುವೆ ಕೋಲಿನಿಂದ ತೂತು ಮಾಡಿ, ಸಣ್ಣ ಉರಿಯಲ್ಲಿ ಬೇಯಲು ಬಿಟ್ಟು, ಅನಂತರ ಗಂಟಿಲ್ಲದಂತೆ ಬಲವಾಗಿ ತಿರುವಬೇಕು. ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು ಹಿಡಿಯುತ್ತದೆ. ಕೈಗೆ ನೀರು ಹಚ್ಚಿಕೊಂಡು ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು. ನೋಡಲು ಸುಲಭವೆನಿಸಿದರೂ ಇದು ತೋಳಿನ ಬಲವನ್ನೂ ಕಣ್ಣಿನ ಅಂದಾಜನ್ನೂ ಬೇಡುವ ಕೆಲಸ. ಗಂಟಾದ ಮುದ್ದೆಯನ್ನು ಸರಿಪಡಿಸುವ ಉಪಾಯವನ್ನು ಇದುವರೆಗೆ ಯಾರೂ ಕಂಡುಹಿಡಿದಿಲ್ಲ!

ಮುದ್ದೆಯ ಜೊತೆಗೆ ಕಾಳಿನ ಸಾರು ಬಂದುದು ಆಕಸ್ಮಿಕವಾದರೂ ಬಹಳ ಉಪಯುಕ್ತವಾದ ಸಂಬಂಧ. ಪ್ರೋಟೀನ್ ಎಂದು ಕರೆಯುವ ಸಸಾರಜನಕವು ಹಲವು ಅಮೈನೋ ಆಮ್ಲಗಳಿಂದ ಕಟ್ಟಲ್ಪಟ್ಟ ವಸ್ತು. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲವು ಕಡಿಮೆ. ಬೇಳೆಕಾಳುಗಳಲ್ಲಿ ಅದು ಹೇರಳ. ಬೇಳೆಕಾಳುಗಳಲ್ಲಿ ಮಿಥಿಯೊನಿನ್ ಎಂಬುದು ಕಡಿಮೆ. ಧಾನ್ಯಗಳಲ್ಲಿ ಅದು ಸಾಕಷ್ಟಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಎರಡೂ ಸೇರಿದ ಊಟವು ಪ್ರತ್ಯೇಕವಾಗಿ ಉಂಡುದಕ್ಕಿಂತ ಹೆಚ್ಚು ಪುಷ್ಟಿಕರ. ಒಳ್ಳೆಯ ನೆರೆಹೊರೆಯವರ ಬಾಳ್ವೆಯೂ ಹೀಗೆಯೇ ಇರುತ್ತದೆ.

ಈ ಊಟದ ಬೆಲೆಯನ್ನು ಲೆಕ್ಕದಲ್ಲಿಯೂ ನೋಡಬಹುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ, ನೂರು ಗ್ರಾಂ ಹೆಸರುಕಾಳಿನಲ್ಲಿ ಸುಮಾರು 23 ಗ್ರಾಂ ಸಸಾರಜನಕವಿದೆ. ನಾಲ್ವರ ಊಟಕ್ಕೆ ಅರ್ಧ ಕಿಲೋಗ್ರಾಂ ರಾಗಿಹಿಟ್ಟು, 150 ಗ್ರಾಂ ಹೆಸರುಕಾಳು ಬಳಸಿದರೆ ಒಬ್ಬೊಬ್ಬರಿಗೆ ಸುಮಾರು 17 ಗ್ರಾಂ ಸಸಾರಜನಕ ದೊರೆಯುತ್ತದೆ. ಮೂಳೆ, ಹಲ್ಲುಗಳಿಗೆ ಬೇಕಾದ ಕ್ಯಾಲ್ಸಿಯಂ ಅಂಶವು ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಮಿನಷ್ಟು ಮಾತ್ರ. 'ಬರೀ ಮುದ್ದೆ' ಎಂದು ನಾಚಿಕೊಳ್ಳುವವರು ಈ ಅಂಕಿಗಳನ್ನು ಒಮ್ಮೆ ಗಮನಿಸಬೇಕು.

ರಾಗಿಯನ್ನು ಕೀಳೆಂದು ಕಾಣುವ ಮನೋಭಾವ ಇಂದಿನದಲ್ಲ. ಸುಮಾರು ಐದು ಶತಮಾನಗಳ ಹಿಂದೆಯೇ ಕನಕದಾಸರು ಅದನ್ನು ಗುರುತಿಸಿ 'ರಾಮಧಾನ್ಯಚರಿತೆ'ಯನ್ನು ಬರೆದರು. ಅದರಲ್ಲಿ ವ್ರೀಹಿಯೆಂಬ ಭತ್ತಕ್ಕೂ ನರೆದಲೆಗವೆಂಬ ರಾಗಿಗೂ ಯಾರು ಮೇಲೆಂಬ ವಾದವೇಳುತ್ತದೆ. ತೀರ್ಮಾನಕ್ಕಾಗಿ ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ಮುಗಿದಾಗ ಭತ್ತವು ಕಳೆಗುಂದಿರುತ್ತದೆ. ರಾಗಿಯು ಕುಂದದೆ ನಿಂತಿರುತ್ತದೆ. ಗೆದ್ದ ರಾಗಿಗೆ ರಾಮನು ತನ್ನ ಹೆಸರನ್ನೇ ಕೊಡುತ್ತಾನೆ. ಉಳ್ಳವರ ಧಾನ್ಯ, ಇಲ್ಲದವರ ಧಾನ್ಯ ಎಂಬ ಭೇದದ ಮೂಲಕ ಮನುಷ್ಯರ ನಡುವಿನ ಮೇಲುಕೀಳನ್ನೇ ಕವಿಯು ಪ್ರಶ್ನಿಸಿದ್ದಾರೆ. ಕಥೆಯಲ್ಲಿ ಬರುವ ರಾಗಿಯ ತಾಳಿಕೆ ಕೇವಲ ಕವಿಕಲ್ಪನೆಯಲ್ಲ. ರಾಗಿಗೆ ಹುಳು ಹಿಡಿಯುವುದು ಅಪರೂಪ. ಬಯಲುಸೀಮೆಯ ರೈತರು ಅದನ್ನು ಹಗೇವುಗಳಲ್ಲಿ ವರ್ಷಗಟ್ಟಲೆ ಕಾಪಾಡಿ, ಬರಗಾಲದಲ್ಲಿ ತೆಗೆದು ಉಂಡು ಬದುಕಿದರು.

ಮೂಲದಲ್ಲಿ ರಾಗಿಯು ಪೂರ್ವ ಆಫ್ರಿಕದಿಂದ ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂದ ಬೆಳೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಸಂಕರಗೊಳಿಸಿ 'ಇಂಡಾಫ್' ಎಂಬ ಹೆಚ್ಚು ಇಳುವರಿಯ ತಳಿಗಳನ್ನು ರೈತರಿಗೆ ಕೊಟ್ಟರು. ಜನ ಅವರನ್ನು 'ರಾಗಿ ಲಕ್ಷ್ಮಣಯ್ಯ'ನವರೆಂದೇ ಕರೆದರು. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಬಡವರ ಹಿಟ್ಟೆಂದು ಕರೆಸಿಕೊಂಡದ್ದು ಈಗ ಪಟ್ಟಣದ ಅಂಗಡಿಗಳಲ್ಲಿ ಅಂದವಾದ ಪೊಟ್ಟಣಗಳಲ್ಲಿ ಕುಳಿತಿದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಯಾವುದನ್ನೂ ಚೆಲ್ಲಬಾರದೆಂಬ ಸೂತ್ರವು ಒಂದು ಸೀಮೆಯ ಸೊತ್ತಲ್ಲ. ಉತ್ತರ ಕರ್ನಾಟಕದಲ್ಲಿ ಜೋಳದ ಹಿಟ್ಟಿಗೆ ಕುದಿನೀರು ಬೆರೆಸಿ ನಾದಿ, ಕೈಯಲ್ಲಿ ತಟ್ಟಿ ರೊಟ್ಟಿ ಮಾಡುತ್ತಾರೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲವಾದುದರಿಂದ ಬಿಸಿನೀರಿನ ಉಪಾಯವನ್ನು ಅಲ್ಲಿಯ ತಾಯಂದಿರು ಕಂಡುಕೊಂಡರು. ಉಳಿದ ರೊಟ್ಟಿಯನ್ನು ಒಣಗಿಸಿಟ್ಟರೆ ಅದು ಕಟಕ್ ರೊಟ್ಟಿಯಾಗಿ ಹಲವು ದಿನ ಬಾಳುತ್ತದೆ. ಅದರ ಜೊತೆಗೆ ಮೊಳಕೆಕಾಳಿನ ಪಲ್ಯ, ಕಡಲೆಹಿಟ್ಟಿನ ಝುಣಕ, ಹುಳಿಯಾದ ಪುಂಡಿಪಲ್ಯ, ಶೇಂಗಾ ಇಲ್ಲವೆ ಗುರೆಳ್ಳಿನ ಚಟ್ನಿಪುಡಿ ಇರುತ್ತವೆ. ಅಲ್ಲಿಯೂ ಧಾನ್ಯ ಮತ್ತು ಕಾಳುಗಳ ಜೋಡಿಯೇ ಊಟದ ಬೆನ್ನೆಲುಬು.

ಕರಾವಳಿಯ ಕುಚ್ಚಲಕ್ಕಿಯನ್ನು ನೋಡಿದರೂ ಇದೇ ವಿವೇಕ ಕಾಣುತ್ತದೆ. ಭತ್ತವನ್ನು ಹೊಟ್ಟಿನೊಡನೆಯೇ ಬೇಯಿಸಿ ಒಣಗಿಸಿದ ಮೇಲೆ ಅಕ್ಕಿ ಮಾಡುವುದರಿಂದ ಹೊರಪದರದ 'ಬಿ' ಜೀವಸತ್ವಗಳಲ್ಲಿ ಒಂದು ಭಾಗವು ಕಾಳಿನ ಒಳಗೆ ಇಳಿದು ಉಳಿಯುತ್ತದೆ. ಆ ಅಕ್ಕಿಯ ಗಂಜಿಯನ್ನು ತಿಳಿಯನ್ನು ಬಸಿಯದೆ ಉಣ್ಣುತ್ತಾರೆ. ಮಲೆನಾಡಿನ ಮನೆಗಳಲ್ಲಿ ಅಂಗಳದ ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಕಿತ್ತು ತಂದು, ಕಾಯಿ, ಜೀರಿಗೆಗಳೊಡನೆ ಅರೆದು ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಹೀರೆಕಾಯಿಯ ತಿರುಳು ಪಲ್ಯಕ್ಕೆ ಹೋದರೆ ಸಿಪ್ಪೆ ಚಟ್ನಿಗೆ ಬರುತ್ತದೆ. ಹಲಸಿನ ಹಣ್ಣನ್ನು ತಿಂದ ಮೇಲೆ ಬೀಜವನ್ನು ಮಣ್ಣು ಹಚ್ಚಿ ಮಳೆಗಾಲದ ಸಾರಿಗೆ ಕಾದಿರಿಸುತ್ತಾರೆ.

ಮಿತವ್ಯಯದ ಅಡುಗೆಯಲ್ಲಿ ಸಾಮಗ್ರಿಯಷ್ಟೇ ಮುಖ್ಯವಾದುದು ಉರಿ. ನೀರು ಕುದಿಯಲು ತೊಡಗಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ತೆರೆದ ಪಾತ್ರೆಯಲ್ಲಿ ಅದರ ಉಷ್ಣತೆಯು 100 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದಿಲ್ಲ. ಹೆಚ್ಚಿನ ಉರಿಯೆಲ್ಲ ನೀರನ್ನು ಆವಿ ಮಾಡುವುದರಲ್ಲಿ ವ್ಯಯವಾಗುತ್ತದೆ; ಕಾಳು ಮೊದಲಿಗಿಂತ ಬೇಗ ಬೇಯುವುದಿಲ್ಲ. ಆದ್ದರಿಂದ ಕುದಿ ಬಂದೊಡನೆ ಉರಿಯನ್ನು ತಗ್ಗಿಸಿ ಪಾತ್ರೆಗೆ ಮುಚ್ಚಳ ಮುಚ್ಚುವುದು ಜಾಣತನ. ಪ್ರೆಷರ್ ಕುಕ್ಕರಿನಲ್ಲಿ ಒತ್ತಡವು ಏರುವುದರಿಂದ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಕಾಳು ಬೇಗ ಬೇಯಲು ಅದೇ ಕಾರಣ. ಭೌತಶಾಸ್ತ್ರದ ಪಾಠದಲ್ಲಿ ಓದಿದ್ದನ್ನು ಅಡುಗೆಮನೆಯಲ್ಲಿ ಅನ್ವಯಿಸಿದರೆ ತಿಂಗಳ ಕೊನೆಗೆ ಅನಿಲದ ಸಿಲಿಂಡರು ನಾಲ್ಕು ದಿನ ಹೆಚ್ಚು ಬಂದೀತು. ಇದರೊಡನೆ ಆಯಾ ಕಾಲದಲ್ಲಿ ಹೇರಳವಾಗಿ ಬರುವ ಸೊಪ್ಪು, ತರಕಾರಿಗಳನ್ನೇ ಕೊಳ್ಳುವುದು, ವಾರದ ಸಂತೆಗೆ ಹೋಗುವ ಮೊದಲೇ ಬೇಕಾದುದನ್ನು ಗೊತ್ತುಮಾಡಿಕೊಳ್ಳುವುದು, ಊಟದ ಕೊನೆಗೆ ಒಂದು ಲೋಟ ಮಜ್ಜಿಗೆಯನ್ನು ಇರಿಸಿಕೊಳ್ಳುವುದು ಇವೂ ಸೇರಬೇಕು. ಸಸ್ಯಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಗಳು ಅಗತ್ಯ. ಕಾಳು, ಸೊಪ್ಪುಗಳಲ್ಲಿ ದೊರೆಯದ 'ಬಿ–12' ಎಂಬ ಜೀವಸತ್ವವು ಇವುಗಳಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಸರಳವಾದ ಊಟವನ್ನು ಮೆಚ್ಚುವ ಭರದಲ್ಲಿ ಬಡತನವನ್ನು ಮೆಚ್ಚಬಾರದು. ಬೇಕೆಂದು ಮುದ್ದೆಯನ್ನು ಉಣ್ಣುವುದು ಬೇರೆ. ಮುದ್ದೆಗೆ ಸಾರಿಲ್ಲದೆ ಉಪ್ಪು ಮೆಣಸಿನಕಾಯಿ ನಂಚಿಕೊಳ್ಳಬೇಕಾಗಿ ಬರುವುದು ಬೇರೆ. ಮೊದಲನೆಯದು ವಿವೇಕ, ಎರಡನೆಯದು ಸಮಾಜವು ತಲೆತಗ್ಗಿಸಬೇಕಾದ ಸಂಗತಿ. ಹಸಿದ ಮಕ್ಕಳಿಗೆ ಪಾಠ ಹತ್ತುವುದಿಲ್ಲವೆಂಬುದನ್ನು ಅರಿತೇ ಕರ್ನಾಟಕ ಸರ್ಕಾರವು 2002ರಲ್ಲಿ ಅಕ್ಷರ ದಾಸೋಹವೆಂಬ ಹೆಸರಿನಲ್ಲಿ ಶಾಲೆಯ ಬಿಸಿಯೂಟವನ್ನು ಆರಂಭಿಸಿತು. ಒಂದೇ ಸಾಲಿನಲ್ಲಿ ಕುಳಿತು ಒಂದೇ ಸಾರನ್ನು ಉಣ್ಣುವ ಮಕ್ಕಳು ಅನ್ನದ ಜೊತೆಗೆ ಸಮಾನತೆಯ ಪಾಠವನ್ನೂ ಉಣ್ಣುತ್ತಾರೆ.

ಊಟದ ಬೆಲೆಯನ್ನು ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಬಿಟ್ಟುಹೋಗುವ ಬಾಬು ಒಂದಿದೆ. ಅದು ಅಡುಗೆ ಮಾಡುವವರ ಶ್ರಮ. ರಾಗಿ, ಕಾಳು, ಸೊಪ್ಪುಗಳಿಗೆ ಅಂಗಡಿಯಲ್ಲಿ ಬೆಲೆಯುಂಟು. ನಸುಕಿನಲ್ಲಿ ಎದ್ದು ಕಾಳನ್ನು ಬೇಯಿಸುವ, ಸೊಪ್ಪು ಬಿಡಿಸುವ, ಮುದ್ದೆ ತಿರುವುವ ಕೈಗಳಿಗೆ ಬೆಲೆ ಕಟ್ಟುವವರಿಲ್ಲ. ಸೌದೆಯ ಒಲೆಯ ಹೊಗೆಯು ಎಷ್ಟೋ ತಾಯಂದಿರ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಇದನ್ನು ಮನಗಂಡು, ಕಡಿಮೆ ಸೌದೆಯಲ್ಲಿ ಉರಿದು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ 'ಅಸ್ತ್ರ ಒಲೆ'ಯನ್ನು ರೂಪಿಸಿತು. ದೇಶದ ಶ್ರೇಷ್ಠ ವಿಜ್ಞಾನಿಗಳು ಹಳ್ಳಿಯ ಒಲೆಯ ಮುಂದೆ ಕುಳಿತು ಯೋಚಿಸಿದರೆಂಬುದು ಆ ಒಲೆಗೂ ಹೆಮ್ಮೆ, ವಿಜ್ಞಾನಕ್ಕೂ ಹೆಮ್ಮೆ.

ಹೊಗೆ ಕಡಿಮೆಯಾದರೂ ಇನ್ನೊಂದು ಕೊರತೆ ಉಳಿದೇ ಇದೆ. ಅನೇಕ ಮನೆಗಳಲ್ಲಿ ಅಡುಗೆ ಮಾಡಿದವಳೇ ಎಲ್ಲರ ಕೊನೆಗೆ ಉಣ್ಣುತ್ತಾಳೆ. ಅಷ್ಟು ಹೊತ್ತಿಗೆ ಪಲ್ಯದ ಪಾತ್ರೆ ಬರಿದಾಗಿರುತ್ತದೆ. ಉಳಿದಿರುವುದು ತಳದ ಸಾರು, ತಣ್ಣಗಾದ ಮುದ್ದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಇದಕ್ಕೆ ಕಾರಣಗಳು ಹಲವಾದರೂ ಕಬ್ಬಿಣಾಂಶದ ಕೊರತೆ ಅವುಗಳಲ್ಲಿ ಮುಖ್ಯವಾದುದು. ಸೊಪ್ಪು, ಕಾಳುಗಳಲ್ಲಿ ಕಬ್ಬಿಣಾಂಶವಿದೆ. ಊಟದೊಡನೆ ನಿಂಬೆಹಣ್ಣನ್ನೋ ನೆಲ್ಲಿಕಾಯಿಯನ್ನೋ ಸೇವಿಸಿದರೆ ಅದನ್ನು ದೇಹವು ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಹೀರುವಿಕೆ ತಗ್ಗುತ್ತದೆ. ಆದರೆ ಸೊಪ್ಪಿನ ಪಲ್ಯವು ತಾಯಿಯ ತಟ್ಟೆಯನ್ನು ತಲುಪದಿದ್ದರೆ ಈ ತಿಳಿವಳಿಕೆಯಿಂದ ಅವಳಿಗೆ ಬಂದ ಲಾಭವೇನು? ಒಂದು ತೊಟ್ಟು ಕಟ್ಟನ್ನೂ ಚೆಲ್ಲದೆ ಉಳಿಸುವ ಮನೆಯು ಆ ಕಟ್ಟನ್ನು ಬಸಿದವಳ ಆರೋಗ್ಯವನ್ನು ಚೆಲ್ಲುವುದು ಎಂಥ ವಿಪರ್ಯಾಸ! ಎಲ್ಲರೂ ಜೊತೆಯಲ್ಲಿ ಕುಳಿತು, ಇದ್ದುದನ್ನು ಸಮನಾಗಿ ಹಂಚಿಕೊಂಡು ಉಂಡಾಗ ಮಾತ್ರ ಸಾದಾ ಊಟವು ತುಂಬಿದ ಊಟವಾಗುತ್ತದೆ.

ಅಡುಗೆಯು ಹೆಣ್ಣುಮಕ್ಕಳ ಪಾಲಿನ ಕೆಲಸವೆಂಬ ಭಾವನೆಯೂ ಹೋಗಬೇಕು. ರುಚಿಯಾದ ಅಡುಗೆಯನ್ನು ಹೊಗಳುವಾಗ ಜನ 'ನಳಪಾಕ', 'ಭೀಮಪಾಕ' ಎನ್ನುತ್ತಾರೆ. ನಳನೂ ಭೀಮನೂ ಗಂಡಸರೇ. ಹೊಗಳಿಕೆಯನ್ನು ಗಂಡಸರ ಹೆಸರಿಗೆ ಬರೆದು ದಿನನಿತ್ಯದ ಒಲೆಯನ್ನು ಹೆಂಗಸರಿಗೆ ಬಿಟ್ಟುದು ನ್ಯಾಯವೆನಿಸದು. 1888ರಲ್ಲಿ ಕಾನೂನು ವ್ಯಾಸಂಗಕ್ಕಾಗಿ ಲಂಡನ್ನಿಗೆ ಹೋದ ಮೋಹನದಾಸ ಗಾಂಧಿಯವರು, ಮನೆಯವರು ಕಳುಹಿಸುವ ಹಣದ ಬೆಲೆಯನ್ನು ಅರಿತು ಖರ್ಚನ್ನು ತಗ್ಗಿಸಲು ನಿಶ್ಚಯಿಸಿದರು. ಒಂದೇ ಕೋಣೆಯನ್ನು ಬಾಡಿಗೆಗೆ ಹಿಡಿದು, ಒಂದು ಒಲೆಯನ್ನು ಕೊಂಡು, ಬೆಳಗಿನ ಓಟ್ಸ್ ಗಂಜಿಯನ್ನು ತಾವೇ ಬೇಯಿಸಿಕೊಂಡರು. ಹೀಗೆ ದಿನಕ್ಕೆ ಒಂದು ಶಿಲಿಂಗು ಮೂರು ಪೆನ್ಸಿನಲ್ಲಿ ಬದುಕು ಸಾಗಿಸಲು ಅವರಿಗೆ ಸಾಧ್ಯವಾಯಿತು. ಆ ಸರಳತೆಯಿಂದ ತಮ್ಮ ಒಳ ಬಾಳಿಗೂ ಹೊರ ಬಾಳಿಗೂ ಹೊಂದಿಕೆ ಬಂದಿತೆಂದು ಅವರು ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಹೈಸ್ಕೂಲನ್ನು ಮುಗಿಸಿ ಕಾಲೇಜಿಗೆಂದೋ ಉದ್ಯೋಗಕ್ಕೆಂದೋ ಊರು ಬಿಟ್ಟು ಹೋಗುವ ತರುಣ ತರುಣಿಯರಿಗೆ ಈ ವಿದ್ಯೆಯು ಕೈಯಲ್ಲಿರುವ ಹಣಕ್ಕಿಂತ ದೊಡ್ಡ ಆಸರೆ. ಬಾಡಿಗೆ ಕೋಣೆಯ ಒಂದು ಒಲೆ, ಎರಡು ಪಾತ್ರೆ, ಹಿಡಿ ಕಾಳು, ಕಟ್ಟು ಸೊಪ್ಪು ಇದ್ದರೆ ಅವರು ಯಾರ ಹಂಗಿಗೂ ಬೀಳದೆ ಆರೋಗ್ಯದಿಂದ ಓದಬಲ್ಲರು. ಈ ವಿದ್ಯೆಯನ್ನು ಕಲಿಯಲು ಶುಲ್ಕವಿಲ್ಲ, ಪ್ರವೇಶ ಪರೀಕ್ಷೆಯಿಲ್ಲ. ಗುರುಗಳು ಮನೆಯಲ್ಲೇ ಇದ್ದಾರೆ. ಭಾನುವಾರದ ಒಂದು ಬೆಳಗ್ಗೆ ತಾಯಿಯ ಬಳಿಯೋ ಅಜ್ಜಿಯ ಬಳಿಯೋ ಕುಳಿತು ಸೊಪ್ಪು ಬಿಡಿಸುವುದರಿಂದ ಪಾಠ ಆರಂಭವಾಗುತ್ತದೆ. ಮೊದಲ ಮುದ್ದೆ ಗಂಟಾದೀತು, ಮೊದಲ ಸಾರಿಗೆ ಉಪ್ಪು ಹೆಚ್ಚಾದೀತು. ಎರಡನೆಯದು ಅದಕ್ಕಿಂತ ಮೇಲಾಗುತ್ತದೆ. ಅಂದು ಅಡುಗೆ ಮಾಡಿದ ಮಗನೋ ಮಗಳೋ ತಾಯಿಯನ್ನು ಮೊದಲು ಕೂರಿಸಿ ಅವಳ ತಟ್ಟೆಗೆ ಪಲ್ಯವನ್ನು ಬಡಿಸಿದರೆ, ಅದು ಆ ಮನೆಯ 700 ಊಟಗಳಲ್ಲಿ ನೆನಪಿನಲ್ಲಿ ಉಳಿಯುವ ಊಟವಾದೀತು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಬಸ್ಸಾರಿಗೆ ಆ ಹೆಸರು ಏಕೆ ಬಂದಿತು?
2. ಮೂರನೆಯ ಮಂಗರಸನ ಗ್ರಂಥದ ವಸ್ತು ಯಾವುದು?
3. 'ರಾಮಧಾನ್ಯಚರಿತೆ'ಯಲ್ಲಿ ಯಾವ ಯಾವ ಧಾನ್ಯಗಳ ನಡುವೆ ವಾದವೇಳುತ್ತದೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಧಾನ್ಯ ಮತ್ತು ಕಾಳುಗಳನ್ನು ಜೊತೆಯಾಗಿ ಉಣ್ಣುವುದರಿಂದ ಆಗುವ ಪ್ರಯೋಜನವೇನು?
2. ನೀರು ಕುದಿದ ಮೇಲೆ ಉರಿಯನ್ನು ತಗ್ಗಿಸುವುದು ಏಕೆ ಜಾಣತನ?
3. ಊಟದ ಬೆಲೆಯನ್ನು ಲೆಕ್ಕ ಹಾಕುವಾಗ ಬಿಟ್ಟುಹೋಗುವ ಬಾಬು ಯಾವುದು? ವಿವರಿಸಿರಿ.

ಇ) "ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ.

ಈ) ನಿಮ್ಮ ಮನೆಯಲ್ಲಿ ಚೆಲ್ಲದೆ ಬಳಸುವ ಸಿಪ್ಪೆ, ಬೀಜ, ತಿಳಿ ಮುಂತಾದವುಗಳಿಂದ ಮಾಡುವ ಒಂದು ಅಡುಗೆಯ ವಿಧಾನವನ್ನು ಹಿರಿಯರಿಂದ ಕೇಳಿ ತಿಳಿದು, ಮಾಡಿ ನೋಡಿ, ಬರೆಯಿರಿ.